ಕೆಸರನ್ನು ಕರೆದ ಕಡಲನೈದಿಲೆ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ನಮ್ಮ ಸುಣ್ಣಕಲ್ಲಿನ ಗುಡ್ಡ ಆಗ ಗುಡ್ಡವೇ ಅಲ್ಲ, ಕಡಲಿನ ತಳ. ಅಲ್ಲಿ ಕಡಲನೈದಿಲೆಗಳು ಬದುಕಿದ್ದವು. ನೋಡಲು ಹೂವು, ಆದರೆ ಹೂವಲ್ಲ, ಪ್ರಾಣಿ! ಸುಣ್ಣದ ಮಣಿ ಪೋಣಿಸಿದಂಥ ಕಾಂಡ, ತುದಿಯಲ್ಲಿ ಗರಿಯಂಥ ಕೈಗಳು. ನೀರಿನ ಸೆಳವು ತಂದದ್ದನ್ನು ಆ ಕೈಗಳಲ್ಲೇ ಹಿಡಿದು ತಿನ್ನಬೇಕು.

ಅವಕ್ಕೆ ಕೆಸರು ಕಂಡರೆ ಆಗುತ್ತಿರಲಿಲ್ಲ. ಕೈಗೆ ಮೆತ್ತಿಕೊಂಡರೆ ಊಟವಿಲ್ಲ, ಉಸಿರೂ ಇಲ್ಲ. "ಥೂ, ಅತ್ತ ಹೋಗಿ ಸಾಯಿ!" ಎಂದು ಎಲ್ಲರೂ ಬೈಯುವವರೇ. ಅದರಲ್ಲೂ ನೀಲವ್ವ ಎಂಬವಳ ಬಾಯಿ ಬಲು ಜೋರು. ಪಕ್ಕದಲ್ಲೇ ಅವಳ ಮಗಳು ಮಿಣುಕಿ ಬೆಳೆಯುತ್ತಿದ್ದಳಲ್ಲ, ಪಾಪ, ಎಳೇ ಕೈಗಳು.

ಆ ಮಿಣುಕಿ ಒಂದು ದಿನ ಬಾಡಿದಳು. ಮತ್ತೆ ಏಳಲಿಲ್ಲ. ಯಾಕೆ ಅಂತ ನನ್ನನ್ನು ಕೇಳಬೇಡಿ. ಸಾವು ಯಾರಿಗೆ ಕಾರಣ ಹೇಳಿ ಬಂದಿದೆ?

ಕಡಲನೈದಿಲೆ ಸತ್ತರೆ ಮಣಿಗಳನ್ನು ಹಿಡಿದಿದ್ದ ತೆಳು ಮಾಂಸ ಕೊಳೆಯುತ್ತದೆ. ಮಣಿ ಸಡಿಲಾಗಿ ಉದುರುತ್ತದೆ. ಸೆಳವು ಬಂದು ಒಯ್ಯುತ್ತದೆ. ಮಿಣುಕಿಯ ಒಂದು ಮಣಿ ಹೋಯಿತು. ಇನ್ನೊಂದು ಹೋಯಿತು. ಮತ್ತೂ ಒಂದು ಹೋಯಿತು.

"ಅಯ್ಯೋ ತಂಗೀ, ಬಿಡೇ! ನನ್ನ ಕೂಸು ಕಣೇ!" ಎಂದು ನೀಲವ್ವ ಸೆಳವಿನ ಮುಂದೆ ಬಾಯಿ ಬಡಿದುಕೊಂಡಳು.

"ನಾನು ನಿಂತರೆ ನಿಮಗೆಲ್ಲ ಅನ್ನ ತರೋರು ಯಾರಕ್ಕಾ? ನನಗೆ ನಿಲ್ಲೋಕೆ ಬರಲ್ಲ," ಎಂದಿತು ಸೆಳವು. ಅದಕ್ಕೂ ಸಂಕಟವೇ ಆಗಿತ್ತು.

ಬೇರೂರಿದವಳು ಓಡಿಹೋಗಿ ಹೆಕ್ಕುವುದು ಹೇಗೆ? ಕೊನೆಗೆ ನೀಲವ್ವ ಕೆಸರಿನ ಕಡೆಗೇ ತಿರುಗಿದಳು. "ಕೆಸರಣ್ಣಾ, ನಾನು ಬೈದದ್ದನ್ನೆಲ್ಲ ಹೊಟ್ಟೆಗೆ ಹಾಕ್ಕೋ. ಬಾ, ನನ್ನ ಮಗಳಲ್ಲಿ ಉಳಿದಷ್ಟನ್ನಾದರೂ ಮುಚ್ಚಿಡು."

"ಬರ್ತೀನಮ್ಮಾ," ಎಂದಿತು ಕೆಸರು. "ಆದರೆ ಒಬ್ಬರ ಮೇಲೆ ಬಿದ್ದು ಪಕ್ಕದವರನ್ನ ಬಿಡೋದು ನನ್ನ ಕೈಲಾಗಲ್ಲ. ನೀನೂ ಮುಚ್ಚಿಹೋಗ್ತೀಯ, ಜೀವ ಇರುವಾಗಲೇ."

"ಇನ್ನು ಬದುಕಿ ಯಾರ ಮುಖ ನೋಡಲಿ? ಬಾ ಅಣ್ಣಾ, ಬೇಗ ಬಾ."

ನೀಲವ್ವ ಬಾಗಿದಳು. ಉಳಿದ ಮಣಿಗಳನ್ನು ಕೈಯೊಳಗೆ ಬಾಚಿಕೊಂಡಳು. ಕೆಸರು ದಿಬ್ಬದಿಂದ ಜಾರಿ ಬಂದು ಅವಳ ಮೇಲೆ ಮಲಗಿತು. ಅವಳು ಬೈಯಲಿಲ್ಲ.

ದೂರದಲ್ಲಿದ್ದ ಮಿಕ್ಕ ಕಡಲನೈದಿಲೆಗಳು ಉಳಿದುಕೊಂಡವು. ತಮ್ಮ ತಮ್ಮ ಕಾಲ ಬಂದಾಗ ಸತ್ತವು, ಮಣಿಮಣಿಯಾಗಿ ಚೆಲ್ಲಿಹೋದವು. ಯುಗಗಳು ಕಳೆದು ಕೆಸರು ಕಲ್ಲಾಯಿತು. ಕಡಲು ಹಿಂದೆ ಸರಿಯಿತು, ತಳ ಎದ್ದು ಗುಡ್ಡವಾಯಿತು.

ಅದಕ್ಕೇ ಮಕ್ಕಳೇ, ಇವತ್ತಿಗೂ ಗುಡ್ಡದಲ್ಲಿ ಎಲ್ಲಿ ನೋಡಿದರೂ ಬಿಡಿ ಮಣಿಗಳೇ ಸಿಗುತ್ತವೆ. ಎಲ್ಲೋ ಅಪರೂಪಕ್ಕೆ ಕಲ್ಲು ಸೀಳಿದಾಗ ಇಡೀ ಹೂವೊಂದು ಕಂಡರೆ ಅದರ ಕೈಗಳು ಬಿಗಿಯಾಗಿ ಮುಚ್ಚಿರುತ್ತವೆ, ಒಳಗೆ ಅದರದಲ್ಲದ ಪುಟ್ಟ ಪುಟ್ಟ ಮಣಿಗಳಿರುತ್ತವೆ.