ಸಣ್ಣ ಪೀಪಾಯಿಯ ಬಳಿ ಕೂರುವವನು

“ಗುರುಗಳೇ, ನಿಜವನ್ನು ಮುಚ್ಚಿಡಬಾರದು, ತಡಮಾಡದೆ ಹೇಳಬೇಕು ಎಂದು ಕಲಿಸಿದವರು ನೀವು. ನಾನು ಹಾಗೆಯೇ ಹೇಳಿದೆ. ಆದರೂ ಅದು ಅಕ್ಕನನ್ನು ಏಕೆ ತಲುಪಲಿಲ್ಲ?”

ಕೇಳಿದವನು ಮರಿದೇವ. ಅವನ ಭಾವ ತೀರಿಕೊಂಡು ಮೂರು ತಿಂಗಳಾಗಿತ್ತು. ಆಸ್ಪತ್ರೆಯಿಂದ ಆ ಸುದ್ದಿಯನ್ನು ಅಕ್ಕನ ಮನೆಗೆ ಒಯ್ದವನು ಇವನೇ. ಮಣ್ಣು ಮಾಡುವಾಗ ಅಕ್ಕ ಅಲ್ಲೇ ಇದ್ದಳು, ಎಲ್ಲವನ್ನೂ ಕಣ್ಣಾರೆ ಕಂಡಳು. ಆದರೂ ಇವತ್ತಿಗೂ ಊಟದ ಹೊತ್ತಿಗೆ ಎರಡು ತಟ್ಟೆ ಇಡುತ್ತಾಳೆ. ಯಾರಾದರೂ ಸಮಾಧಾನ ಹೇಳಲು ಹೋದರೆ, “ಅವರು ಬರಲಿ, ಕೇಳ್ತೀನಿ” ಎನ್ನುತ್ತಾಳೆ. ತಮ್ಮನ ಮುಖ ಕಂಡರೆ ಮಾತ್ರ ಎದ್ದು ಹೋಗಿ ಕದ ಹಾಕಿಕೊಳ್ಳುತ್ತಾಳೆ. ಮರಿದೇವನಿಗೆ ಅದನ್ನು ನೆನೆದರೆ ಅನ್ನ ಸೇರುತ್ತಿರಲಿಲ್ಲ.

ಗುರುಗಳು ದೀಪದ ಬತ್ತಿ ಹೊಸೆಯುತ್ತ ಕುಳಿತಿದ್ದರು. ಕೈ ನಿಲ್ಲಿಸಲಿಲ್ಲ.

“ಒಬ್ಬ ಮನೆಯಲ್ಲೇ ಬಿಯರ್ ಮಾಡುತ್ತಿದ್ದ,” ಎಂದರು.

ಮರಿದೇವ ಗಲಿಬಿಲಿಗೊಂಡು ಮಠದ ಜಗಲಿಯ ಎರಡೂ ಕಡೆ ನೋಡಿದ. ಯಾರಾದರೂ ಕೇಳಿಸಿಕೊಂಡರೆ ಏನು ಗತಿ?

“ಕುಡಿ ಅಂತ ಹೇಳಲಿಲ್ಲಪ್ಪ, ಕೇಳು ಅಂತ ಹೇಳಿದೆ,” ಎಂದು ಗುರುಗಳು ಕತೆ ಮುಂದುವರಿಸಿದರು.

ಅವನಿಗೊಬ್ಬ ಗೆಳೆಯ. ಇಬ್ಬರೂ ಸೇರಿ ಹದಿನೆಂಟು ವರ್ಷ ಬಿಯರ್ ಮಾಡಿದ್ದರು. ಮಾರುವುದಕ್ಕಲ್ಲ, ತಮ್ಮ ಸಂತೋಷಕ್ಕೆ. ದೊಡ್ಡ ಪೀಪಾಯಿಯಲ್ಲಿ ಹುದುಗಿ ಹದವಾದದ್ದನ್ನು ಸಣ್ಣ ಪೀಪಾಯಿಗೆ ಇಳಿಸಬೇಕು. ಹೊರಗಿನವರಿಗೆ ಅದು ನೀರು ಬಗ್ಗಿಸಿದಷ್ಟೇ ಸುಲಭ ಅನ್ನಿಸುತ್ತದೆ. ಹಾಗಲ್ಲ. ಹುದುಗುವಾಗ ಹುಟ್ಟಿದ ಗ್ಯಾಸು ಬಿಯರಿನಲ್ಲೇ ಅಡಗಿ ಕುಳಿತಿರುತ್ತದೆ. ಒತ್ತಡ ಇರುವವರೆಗೆ ಅದು ಸುಮ್ಮನಿರುತ್ತದೆ. ಒತ್ತಡ ಥಟ್ಟನೆ ತಪ್ಪಿತೋ, ಬಿಯರೆಲ್ಲ ನೊರೆಯಾಗಿ ಒಡೆದುಹೋಗುತ್ತದೆ.

ಆದ್ದರಿಂದ ಮೊದಲು ಸಣ್ಣ ಪೀಪಾಯಿಯ ಗಾಳಿಯನ್ನೆಲ್ಲ ಹೊರಗೆ ಹಾಕಬೇಕು. ಅದಕ್ಕೂ ಗ್ಯಾಸು ತುಂಬಿ, ದೊಡ್ಡದರಲ್ಲಿ ಎಷ್ಟು ಒತ್ತಡವಿದೆಯೋ ಅಷ್ಟೇ ಒತ್ತಡ ಇದರಲ್ಲೂ ಇರುವಂತೆ ಮಾಡಬೇಕು. ಆಮೇಲೆ ಎರಡಕ್ಕೂ ನಡುವೆ ಕೊಳವೆ. ಸಣ್ಣದರಿಂದ ಚೂರುಚೂರೇ ಗ್ಯಾಸು ಬಿಡುತ್ತ ಹೋದರೆ ದೊಡ್ಡದರ ಬಿಯರ್ ಸದ್ದಿಲ್ಲದೆ ಇಳಿದು ಬರುತ್ತದೆ. ಒಂದು ಗಂಟೆಯ ಕೆಲಸ. ಅವನು ದೊಡ್ಡ ಪೀಪಾಯಿಯ ಬಳಿ ನಿಲ್ಲುತ್ತಿದ್ದ. ಗೆಳೆಯ ಸಣ್ಣದರ ಬಳಿ ನೆಲದ ಮೇಲೆ ಕೂತು ಅದರ ಮೈಮೇಲೆ ಅಂಗೈ ಇಟ್ಟುಕೊಂಡಿರುತ್ತಿದ್ದ. ತಣ್ಣಗಿನ ಬಿಯರ್ ಒಳಗೆ ಎಲ್ಲಿಯವರೆಗೆ ಏರಿದೆ ಎಂದು ಕೈಗೇ ತಿಳಿಯುತ್ತದೆ. ಅಂಗೈ ಪೀಪಾಯಿಯ ಕತ್ತಿನವರೆಗೆ ಬಂದಾಗ ಅವನು, “ಸಾಕು” ಎನ್ನುತ್ತಿದ್ದ.

ಗೆಳೆಯನಿಗೆ ಕಾಯಿಲೆ ಬಂತು. ವಾಸಿಯಾಗುವ ಕಾಯಿಲೆಯಲ್ಲ. ಹಾಸಿಗೆ ಹಿಡಿಯುವ ಮೊದಲು ಇಬ್ಬರೂ ಸೇರಿ ಕೊನೆಯದಾಗಿ ಒಂದು ಪೀಪಾಯಿ ಹಾಕಿದ್ದರು. “ಇದರ ಒಂದು ಗುಟುಕು ಕುಡಿದೇ ಹೋಗ್ತೀನಿ ನೋಡು,” ಎಂದಿದ್ದ ಗೆಳೆಯ. ಅದು ಹದಕ್ಕೆ ಬಂದ ದಿನವೇ ಮಧ್ಯಾಹ್ನ ಅವನ ಮನೆಯಿಂದ ಫೋನು ಬಂತು. ಇನ್ನು ಹೆಚ್ಚು ಹೊತ್ತಿಲ್ಲ ಅಂದರು.

ಇವನು ಪೀಪಾಯಿಗಳ ಬಳಿಗೆ ಓಡಿದ. ಸಣ್ಣ ಪೀಪಾಯಿಯನ್ನು ತೊಳೆದು ಬಿಸಿಲಿಗೆ ಇಟ್ಟಿದ್ದ. ಫಳಫಳ ಹೊಳೆಯುತ್ತಿತ್ತು. ಇನ್ನೇನು ಬೇಕು ಅಂದುಕೊಂಡ. ಬಿಯರ್ ಒಳ್ಳೆಯದಿದೆ, ಪಾತ್ರೆ ಶುದ್ಧವಿದೆ, ಹೊತ್ತಿಲ್ಲ. ಸಣ್ಣ ಪೀಪಾಯಿಗೆ ಗ್ಯಾಸು ತುಂಬಲಿಲ್ಲ. ಕೊಳವೆ ಸಿಕ್ಕಿಸಿ ದೊಡ್ಡದರ ತಿರುಪನ್ನು ಪೂರ್ತಿ ತಿರುಗಿಸಿಬಿಟ್ಟ. ಬಿಯರ್ ಭೋರೆಂದು ನುಗ್ಗಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಸಣ್ಣದರ ಬಾಯಿಂದ ನೊರೆ ಉಕ್ಕಿತು. ತುಂಬಿತು ಎಂದುಕೊಂಡು ಮುಚ್ಚಿದ. ಅದರ ಬಳಿ ಕೂತು ಮೈಮೇಲೆ ಕೈ ಇಡುವವನು ಅಲ್ಲಿ ಇರಲಿಲ್ಲವಲ್ಲ.

ಗೆಳೆಯನ ಹಾಸಿಗೆಯ ಪಕ್ಕ ಪೀಪಾಯಿ ಇಟ್ಟು ಲೋಟಕ್ಕೆ ಬಗ್ಗಿಸಿದ. ನೊರೆ ಇಳಿದು ತಳದಲ್ಲಿ ಕಾಲುಭಾಗ ಉಳಿದಿತ್ತು. ಅದೂ ಸಪ್ಪೆ. ಚಮಚದಲ್ಲಿ ಗೆಳೆಯನ ಬಾಯಿಗೆ ಹಾಕಿದ. ಗೆಳೆಯ ಬಹಳ ಹೊತ್ತು ಅದನ್ನು ನಾಲಿಗೆಯ ಮೇಲೆ ಇಟ್ಟುಕೊಂಡ.

“ಇದು ನಮ್ದಲ್ಲ ಕಣೋ,” ಎಂದ. “ನಮ್ದು ಯಾವಾಗ ತರ್ತೀಯ?”

ಇದೇ ಅದು ಎಂದು ಆಣೆ ಮಾಡಿ ಹೇಳಿದರೂ ಗೆಳೆಯ ನಂಬಲಿಲ್ಲ. ಬಾಗಿಲ ಕಡೆಗೇ ನೋಡುತ್ತ ಮಲಗಿದ. ಇವನು ಮನೆಗೆ ಓಡಿದ. ಈ ಸಲ ಮಾಡಬೇಕಾದ್ದನ್ನೆಲ್ಲ ಮಾಡಿದ. ಗೆಳೆಯ ಕೂರುತ್ತಿದ್ದ ಜಾಗದಲ್ಲಿ ತಾನೇ ಕೂತು, ಅಂಗೈ ಇಟ್ಟು, ಒಂದು ಗಂಟೆ ಕಾದ. ತುಂಬಿದ ಪೀಪಾಯಿ ಹೊತ್ತು ವಾಪಸು ಬರುವಷ್ಟರಲ್ಲಿ ಗೆಳೆಯನನ್ನು ಹಾಸಿಗೆಯಿಂದ ಕೆಳಗೆ ಇಳಿಸಿದ್ದರು.

ಗುರುಗಳು ಹೊಸೆದ ಬತ್ತಿಯನ್ನು ತಟ್ಟೆಯಲ್ಲಿಟ್ಟು ಇನ್ನೊಂದು ಎಳೆ ಹತ್ತಿ ತೆಗೆದುಕೊಂಡರು.  ಮರಿದೇವನಿಗೆ ಆ ಮನುಷ್ಯನ ಮೇಲೆ ಮರುಕವೂ ಬಂತು, ಗುರುಗಳ ಮೇಲೆ ಸ್ವಲ್ಪ ಸಿಟ್ಟೂ ಬಂತು.

“ಅವನದೇನು ತಪ್ಪು ಗುರುಗಳೇ? ಹೊತ್ತೇ ಇರಲಿಲ್ಲ. ನನಗೂ ಇರಲಿಲ್ಲ. ಆಸ್ಪತ್ರೆಯಲ್ಲಿ ಕಾಗದಕ್ಕೆ ರುಜು ಹಾಕಬೇಕಿತ್ತು, ಅಕ್ಕನ ಮನೆ ಮುಂದೆ ಆಟೋ ಕಾಯಿಸಿಕೊಂಡೇ ಹೋಗಿದ್ದೆ. ಒಂದು ಮಾತೂ ಬಚ್ಚಿಡದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.”

ಗುರುಗಳು ಮೊದಲ ಸಲ ತಲೆ ಎತ್ತಿ ಅವನನ್ನು ನೋಡಿದರು.

“ಹೇಳುವಾಗ ಚಪ್ಪಲಿ ಬಿಚ್ಚಿದ್ದೆಯಾ, ಮರಿದೇವ?”

ಮರಿದೇವ ಜಗಲಿಯ ಕೆಳಗೆ ಬಿಟ್ಟಿದ್ದ ತನ್ನ ಚಪ್ಪಲಿಗಳ ಕಡೆ ನೋಡಿದ; ಅಂದು ಅಕ್ಕನ ಹೊಸ್ತಿಲಲ್ಲಿ ಅವು ಕಾಲಲ್ಲೇ ಇದ್ದವು.