ಗುರುಗಳ ಹೊಸ ಪ್ಲಗ್ಗು

ಕಬಿನಿ ಹೊಳೆಯ ದಡದಲ್ಲಿ ಒಂದು ಆಶ್ರಮ. ಅಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ. ಗುರುಗಳಿಗೆ ಕಿವಿ ಮಂದ.

ಗುರುಗಳ ಹೆಸರು ಶಂಭಯ್ಯ. ಸಂಸಾರದಲ್ಲಿದ್ದಾಗ ದವಸದ ವ್ಯಾಪಾರ ಮಾಡಿದವರು. ತೂಕ ತಪ್ಪಿ ಮಾತಾಡುವವರಲ್ಲ. ಕೇಳಿದ್ದಕ್ಕೆ ಉತ್ತರ, ಕೇಳದ್ದಕ್ಕೆ ಮೌನ. ಅದಕ್ಕೇ ಜನ ಹುಡುಕಿಕೊಂಡು ಬರುತ್ತಿದ್ದರು.

ಕಿವಿ ಮಂದವಾದ ಮೇಲೆ ಭಕ್ತರೊಬ್ಬರು ಒಂದು ಪುಟ್ಟ ಆಂಪ್ಲಿಫೈಯರ್ ತಂದುಕೊಟ್ಟರು. ಅಂಗೈಯಲ್ಲಿ ಹಿಡಿಯುವಷ್ಟು. ಅದರ ಮೈಕು ಬಂದವರ ಮುಂದೆ, ಹೆಡ್‌ಫೋನು ಗುರುಗಳ ತಲೆಯ ಮೇಲೆ.

"ಬುದ್ದಿಯೋರು ಕ್ರಿಕೆಟ್ ಕಾಮೆಂಟ್ರಿ ಕೇಳ್ತಾವ್ರೆ" ಎಂದು ದೋಣಿಯವನು ತಮಾಷೆ ಮಾಡುತ್ತಿದ್ದ.

"ನಿನ್ನ ಮಾತಿಗಿಂತ ಅದೇ ವಾಸಿ ಕಣಪ್ಪ" ಎಂದು ಗುರುಗಳೂ ನಗುತ್ತಿದ್ದರು.

ಶಿಷ್ಯನ ಹೆಸರು ಪರಶಿವ. ಅವನಿಗೆ ಯಂತ್ರ ಬೇಕಿರಲಿಲ್ಲ. ಗುರುಗಳ ಕಿವಿಯ ಹತ್ತಿರ ಬಾಯಿಟ್ಟು ಕೂಗಿದರೆ ಅವನ ಕೆಲಸ ಆಗುತ್ತಿತ್ತು. ಯಂತ್ರವಿದ್ದದ್ದು ಬಂದವರಿಗಾಗಿ.

ಆದರೂ ಯಂತ್ರದ ಮೇಲೆ ಅವನಿಗೆ ಬಲು ಕಾಳಜಿ. ಹೊಳೆಯ ತೇವ ತಾಗಬಾರದು, ದೂಳು ಕೂರಬಾರದು. ರೆಕ್ಸಿನ್ನನ್ನು ಎರಡು ಮಡಿಕೆ ಮಾಡಿ ಅದಕ್ಕೊಂದು ಚೀಲ ಹೊಲಿದ. ಪ್ಲಗ್ಗಿಗೆಂದು ಒಂದು ತೂತು ಬಿಟ್ಟ. ಹೊಲಿಗೆ ಅಚ್ಚುಕಟ್ಟಾಗಿತ್ತು.

ಒಂದು ದಿನ ಹೆಡ್‌ಫೋನಿನ ತಂತಿ ಪ್ಲಗ್ಗಿನ ಬುಡದಲ್ಲೇ ತುಂಡಾಯಿತು. ಪರಶಿವ ಪೇಟೆಗೆ ಹೋದ.

ಅಂಗಡಿಯವನು ಗಾಜಿನ ಡಬ್ಬಿಯಿಂದ ಒಂದು ಪ್ಲಗ್ಗು ತೆಗೆದ. ಥಳಥಳ ಹೊಳೆಯಿತು.

"ಚಿನ್ನದ ಲೇಪ ಸ್ವಾಮಿ. ನಿಮ್ಮದು ಕಂಪನಿ ಪ್ಲಗ್ಗು, ಬುಡ ತೆಳ್ಳಗೆ, ಅದಕ್ಕೇ ಮುರೀತು. ಇದರ ಬುಡ ನೋಡಿ. ಜಪ್ಪಯ್ಯ ಅಂದ್ರೂ ಕಿತ್ತು ಬರಲ್ಲ."

"ನಮ್ಮ ಆಂಪ್ಲಿಫೈಯರಿಗೆ ಆಗುತ್ತಾ?"

"ತೂತು ಪ್ರಪಂಚಕ್ಕೆಲ್ಲ ಒಂದೇ ಅಳತೆ. ಕೊಡಿ ಇಲ್ಲಿ, ಹಾಕೇ ತೋರಿಸ್ತೀನಿ."

ಪರಶಿವ ಚೀಲದಿಂದ ಆಂಪ್ಲಿಫೈಯರನ್ನು ಹೊರಗೆ ತೆಗೆದುಕೊಟ್ಟ. ಅಂಗಡಿಯವನು ತಂತಿ ಬೆಸೆದು ಪ್ಲಗ್ಗನ್ನು ಒತ್ತಿದ. ಟಿಕ್ ಎಂದು ಕೂತಿತು. ಮೈಕಿಗೆ ಬಾಯಿಟ್ಟು, "ಏನ್ ಸ್ವಾಮಿ, ಊಟ ಆಯ್ತಾ?" ಅಂದ.

ಕಿವಿಗೆ ಹಾಕಿಕೊಂಡಿದ್ದ ಹೆಡ್‌ಫೋನನ್ನು ಪರಶಿವ ಬೆಚ್ಚಿ ಕಿತ್ತು ತೆಗೆದ. ಅಷ್ಟು ಜೋರಾಗಿ ಕೇಳಿಸಿತ್ತು.

ಅಂಗಡಿಯ ಕಟ್ಟೆಯ ಮೇಲೆ ಎಲ್ಲ ಸಾಮಾನೂ ಚೆನ್ನಾಗಿಯೇ ನಡೆಯುತ್ತದೆ.

ಆಶ್ರಮಕ್ಕೆ ಬಂದು ಆಂಪ್ಲಿಫೈಯರನ್ನು ಮತ್ತೆ ಚೀಲದೊಳಗೆ ಹಾಕಿದ. ತೂತಿನಿಂದ ಪ್ಲಗ್ಗನ್ನು ಒತ್ತಿದ. ಒಳಗೆ ಹೋಯಿತು, ನಿಂತಿತು. ಟಿಕ್ ಅನ್ನಲಿಲ್ಲ. ಪ್ಲಗ್ಗಿನ ದಪ್ಪ ಬುಡ ರೆಕ್ಸಿನ್ನಿನ ಅಂಚಿಗೆ ತಗುಲಿತ್ತು. ಕೂದಲೆಳೆಯಷ್ಟು ಚಿನ್ನ ಹೊರಗೆ ಕಾಣುತ್ತಿತ್ತು.

ಹೊಸದಲ್ಲವೇ, ಬಿಗಿ ಇರುತ್ತದೆ, ಎಂದುಕೊಂಡ. ಹೆಡ್‌ಫೋನನ್ನು ಗುರುಗಳ ತಲೆಗೆ ಹಾಕಿ ಮೈಕಿನಲ್ಲಿ ಕೇಳಿದ.

"ಹೇಗಿದೆ ಬುದ್ದಿ?"

ಗುರುಗಳು ಶಿಷ್ಯನ ಮುಖ ನೋಡಿದರು. ಮುಖ ಅರಳಿತ್ತು.

"ಬಹಳ ಚೆನ್ನಾಗಿದೆ" ಅಂದರು.

ಅಂದಿನಿಂದ ಗುರುಗಳ ಮಾತು ಕಡಿಮೆಯಾಯಿತು. ಬಂದವರು ಹೇಳುವುದನ್ನು ಹೇಳುತ್ತಿದ್ದರು. ಗುರುಗಳು ಅವರ ಮುಖ ನೋಡುತ್ತ ಕೂತು, ಕೊನೆಗೆ ತಲೆ ಆಡಿಸಿ ಕೈ ಎತ್ತುತ್ತಿದ್ದರು.

ಜನರಿಗೆ ಇದು ಇನ್ನೂ ಹಿಡಿಸಿತು. "ಮೊದಲೆಲ್ಲ ಬುದ್ದಿಯೋರು ಬೈದು ಕಳಿಸೋರು. ಈಗ ತಲೆ ಆಡಿಸಿದರೆ ಸಾಕು, ಮನಸ್ಸು ಹಗುರ" ಎಂದು ಆಡಿಕೊಂಡರು. ದೋಣಿಯಲ್ಲಿ ಜಾಗ ಸಾಲದಾಯಿತು.

ಹೊಳೆಯಾಚೆ ಊರಿನ ಪುಟ್ಟನಂಜಮ್ಮ ಒಂದು ಬೆಳಗ್ಗೆ ಬಂದಳು. ಸೆರಗನ್ನು ತಲೆ ತುಂಬ ಹೊದ್ದು, ನೆಲ ನೋಡುತ್ತ ಕೂತಳು. ಪರಶಿವ ಮೈಕನ್ನು ಅವಳ ಮುಂದೆ ಸರಿಸಿ, ಪಕ್ಕದಲ್ಲಿ ನಿಂತ.

"ನಮ್ಮಣ್ಣಂಗೂ ನಂಗೂ ಮಾತಿಲ್ಲ ಬುದ್ದಿ. ಅವನ ಮಗಳ ಮದುವೇಲಿ ಜಗಳ. ಸೋದರತ್ತೆ ನಾನು, ನನ್ನ ಬಿಟ್ಟು ಧಾರೆಗೆ ಕೂತ್ರು. ನಾನೂ ಸುಮ್ಮನಿರಲಿಲ್ಲ, ಚಪ್ಪರದ ಕೆಳಗೇ ಬಾಯಿಗೆ ಬಂದಂಗೆ ಅಂದೆ. ನಾನು ಕರೆಯೋ ತನಕ ನನ್ನ ಹೊಸ್ತಿಲು ತುಳೀಬೇಡ ಅಂದ. ಮನೆ ಕೂಗಳತೇಲಿದೆ. ಅವತ್ತಿಂದ ಅವನೂ ಕರೀಲಿಲ್ಲ, ನಾನೂ ಹೋಗಲಿಲ್ಲ."

ಗುರುಗಳು ಅವಳ ಸೆರಗನ್ನೇ ನೋಡುತ್ತಿದ್ದರು.

"ಈಗ ಅವನು ಹಾಸಿಗೆ ಹಿಡಿದವ್ನೆ. ಲಕ್ವ ಹೊಡೆದು ಬಾಯಿ ಬಿದ್ದುಹೋಗೈತಂತೆ. ಮಾತೇ ಇಲ್ಲವಂತೆ. ಹೋಗಬೇಕು ಅನ್ಸುತ್ತೆ. ಹೋದ್ರೆ ಅತ್ತಿಗೆ ಏನಂತಾಳೋ. ಅವನೇ ಮುಖ ತಿರುಗಿಸಿದ್ರೆ? ಅವನು ಕರೆಯೋ ತನಕ ಕಾಯ್ಲಾ ಬುದ್ದಿ?"

ಮಾತು ನಿಂತಿತು. ಅವಳು ತಲೆ ಎತ್ತಿದಳು.

ಗುರುಗಳು ಮೆಲ್ಲಗೆ ತಲೆ ಆಡಿಸಿದರು. ಕೈ ಎತ್ತಿದರು.

ಪರಶಿವನಿಗೆ ವಿಚಿತ್ರವೆನಿಸಿತು. ಬಾಯಿ ಬಿದ್ದವನು ಕರೆಯುವುದು ಹೇಗೆ? ಆಮೇಲೆ ಅವನೇ ಸಮಾಧಾನ ಹೇಳಿಕೊಂಡ. ಗುರುಗಳು ಹೇಳುವ ಕರೆ ಬಾಯಿಂದ ಬರುವ ಕರೆಯಲ್ಲ. ಎಂಥ ಗೂಢ ಮಾತು! ಅಲ್ಲ, ಎಂಥ ಗೂಢ ಮೌನ! ದಿನವೆಲ್ಲ ಅದನ್ನೇ ಮೆಲುಕು ಹಾಕಿದ.

ಪುಟ್ಟನಂಜಮ್ಮ ಮನೆಗೆ ಹೋಗಿ ಕಾದಳು.

ಕೆಲವು ದಿನಗಳ ಮೇಲೆ ಮತ್ತೆ ಬಂದಳು. ಹಣೆಯಲ್ಲಿ ವಿಭೂತಿ ಇರಲಿಲ್ಲ. ಕಣ್ಣು ಊದಿತ್ತು. ಅದೇ ಜಾಗದಲ್ಲಿ ಕೂತಳು.

"ನಮ್ಮಣ್ಣ ಹೋಗ್ಬಿಟ್ಟ ಬುದ್ದಿ" ಅಂದಳು.

ಗುರುಗಳು ಮುಗುಳ್ನಕ್ಕು ತಲೆ ಆಡಿಸಿದರು. ಕೈ ಎತ್ತಿದರು.

ಅವಳು ಹಾಗೇ ನೋಡಿದಳು.

"ಯಾಕೆ ನಗ್ತೀರಿ ಬುದ್ದಿ?"

ಗುರುಗಳ ಕೈ ಅರ್ಧದಲ್ಲಿ ನಿಂತಿತು. ಅವಳ ಮುಖದಲ್ಲಿ ಏನೋ ಕಂಡಿತು. ಹೆಡ್‌ಫೋನು ತೆಗೆದು ಶಿಷ್ಯನ ಕಡೆ ತಿರುಗಿದರು.

"ಪರಶಿವ, ಏನಂದರು?"

ಪರಶಿವ ಅವರ ಕಿವಿಯ ಹತ್ತಿರ ಬಾಗಿ ಕೂಗಿದ. "ಇವರಣ್ಣ ತೀರಿಹೋದರಂತೆ."

ಕೂಗುತ್ತಲೇ ಅವನ ಕಣ್ಣು ಪ್ಲಗ್ಗಿನ ಮೇಲೆ ಬಿತ್ತು. ಕೂದಲೆಳೆಯಷ್ಟು ಚಿನ್ನ ಇನ್ನೂ ಹೊರಗೇ ಇತ್ತು. ಚೀಲ ಕಿತ್ತೆಸೆದು ಪ್ಲಗ್ಗನ್ನು ಒತ್ತಿದ.

ಟಿಕ್.

ಗುರುಗಳು ಹೆಡ್‌ಫೋನು ಹಾಕಿಕೊಂಡರು. ಒಮ್ಮೆಲೇ ಹೊಳೆಯ ಸದ್ದು ಬಂತು. ಕಾಗೆ ಬಂತು. ಎದುರಿಗೆ ಕೂತವಳ ಬಿಕ್ಕು ಬಂತು.

"ಈಗ ಹೇಳಿ ತಾಯಿ" ಅಂದರು.

"ಹೇಳೋದು ಏನೈತೆ? ನೀವು ಕಾಯಿ ಅಂದ್ರಿ, ಕಾದೆ. ಅವನ ಕಣ್ಣು ಬಾಗಿಲ ಕಡೆಗೇ ಇತ್ತಂತೆ. ಅತ್ತಿಗೇನೇ ಹೇಳಿದ್ಲು. ಹೆಣ ನೋಡೋಕೆ ಯಾರೂ ಕರೀಬೇಕಾಗಿಲ್ಲವಲ್ಲ ಬುದ್ದಿ, ಹೋದೆ."

ಸೆರಗಿನಿಂದ ಮೂಗು ಒರೆಸಿಕೊಂಡಳು.

"ನಾನು ಜಗಳಕ್ಕೆ ಬಂದಿಲ್ಲ. ನೀವು ಏನೋ ಕಂಡೇ ಕಾಯಿ ಅಂದಿರ್ತೀರಿ. ಅದೇನು ಅಂತ ಹೇಳಿ. ಅಷ್ಟು ತಿಳಿದ್ರೆ ಮನೇಲಿ ಒಂದು ತುತ್ತು ಅನ್ನ ಇಳಿಯುತ್ತೆ."

ಪರಶಿವ ಗುರುಗಳನ್ನೇ ನೋಡಿದ. ಒಂದು ಮಾತು. ಅವನ ಋಣ ಅಷ್ಟೇ ಇತ್ತು ಅಂದರೂ ಸಾಕು. ನೀನು ಹೋಗಿದ್ದರೆ ಅವನ ಪ್ರಾಣಕ್ಕೆ ಬಿಡುಗಡೆ ಇರಲಿಲ್ಲ ಅಂದರೂ ಸಾಕು. ಅವಳು ನಂಬುತ್ತಾಳೆ.

ಗುರುಗಳು ಹೇಳಿದರು. "ನಾನು ಏನೂ ಕಂಡಿರಲಿಲ್ಲ ತಾಯಿ. ಅವತ್ತು ನೀವು ಹೇಳಿದ್ದರಲ್ಲಿ ಒಂದಕ್ಷರವೂ ನನಗೆ ಕೇಳಿಸಿರಲಿಲ್ಲ."

"ತಲೆ ಆಡಿಸಿದ್ರಲ್ಲ?"

"ಆಡಿಸಿದೆ."

"ಕೈ ಎತ್ತಿದ್ರಲ್ಲ?"

"ಎತ್ತಿದೆ."

"ಕೇಳಿಸಲಿಲ್ಲ, ಇನ್ನೊಂದು ಸಲ ಹೇಳವ್ವ ಅನ್ನೋಕೆ ಏನಾಗಿತ್ತು ಬುದ್ದಿ?"

"ನಾಚಿಕೆಯಾಗಿತ್ತು" ಅಂದರು ಗುರುಗಳು.

ಅವಳು ಎದ್ದಳು. ತಂದಿದ್ದ ಬಾಳೆಹಣ್ಣನ್ನು ಅಲ್ಲಿ ಇಡಲೂ ಇಲ್ಲ, ಹಾಗೇ ತೆಗೆದುಕೊಂಡು ದೋಣಿ ಹತ್ತಿದಳು.

ದೋಣಿ ದೂರ ಹೋದ ಮೇಲೆ ಪರಶಿವ ಬಾಯಿ ಬಿಟ್ಟ.

"ತಪ್ಪು ನನ್ನದು ಬುದ್ದಿ. ಪ್ಲಗ್ಗಿನ ದಪ್ಪ ಬುಡ ಚೀಲಕ್ಕೆ ತಗುಲಿ, ತುದಿ ಒಳಗೆ ಮುಟ್ಟಿರಲಿಲ್ಲ. ತುದಿ ಪೂರ್ತಿ ಮುಟ್ಟಿದರೇ ಧ್ವನಿ. ಅಂಗಡಿಯಲ್ಲಿ ಚೀಲ ತೆಗೆದು ನೋಡಿದೆ. ಇಲ್ಲಿ ಚೀಲ ಹಾಕಿದ ಮೇಲೆ ನಾನೇ ಕೇಳಿ ನೋಡಲಿಲ್ಲ."

"ಹೌದು, ನಿನ್ನದು."

ಪರಶಿವ ತಲೆ ತಗ್ಗಿಸಿದ.

"ನನ್ನದೂ. ಹಂಚಿಕೊಂಡರೆ ಕಡಿಮೆಯಾಗುವ ಸಾಮಾನಲ್ಲ ಇದು. ನಿನ್ನ ಪಾಲು ಪೂರ್ತಿ ನಿನಗೆ, ನನ್ನ ಪಾಲು ಪೂರ್ತಿ ನನಗೆ."

"ಕಿವಿಯಲ್ಲಿ ಏನೂ ಬರುತ್ತಿರಲಿಲ್ಲವೇ?"

"ಸುಂಯ್ ಅನ್ನುತ್ತಿತ್ತು. ನಿನ್ನ ಕೂಗು ಬಿಟ್ಟು ಇನ್ನೇನೂ ಕೇಳದಷ್ಟು ಕಿವಿ ಹೋಯಿತು ಅಂದುಕೊಂಡೆ. ಕಿವಿಯೇ ಹೋದ ಗುರುವಿನ ಹತ್ತಿರ ಯಾರು ಬರುತ್ತಾರೆ? ಬಾಗಿಲು ಮುಚ್ಚಲು ಮನಸ್ಸು ಬರಲಿಲ್ಲ. ತಲೆ ಆಡಿಸಿದೆ. ಜನ ಜಾಸ್ತಿಯೇ ಬಂದರು. ಇನ್ನೂ ಆಡಿಸಿದೆ."

ಪರಶಿವ ಅಂದ. "ಆದರೂ ಆಕೆಗೆ ಒಂದು ಸಮಾಧಾನದ ಮಾತು ಹೇಳಬಹುದಿತ್ತು ಬುದ್ದಿ. ಅನ್ನವಾದರೂ ಇಳಿಯುತ್ತಿತ್ತು."

"ನನ್ನ ಹತ್ತಿರ ಇಲ್ಲದ ಮಾಲಿಗೆ ರಸೀದಿ ಬರೆದುಕೊಡು ಅನ್ನುತ್ತೀಯಾ?"

"ಆಕೆ ನಂಬುತ್ತಿದ್ದರು."

"ನಂಬುತ್ತಿದ್ದರು. ಅದೇ ಭಯ."

"ಇನ್ನೊಂದಿದೆ ಬುದ್ದಿ. ನನಗೆ ಕಿವಿ ಚೆನ್ನಾಗಿದೆ. ಆಕೆ ಹೇಳಿದ್ದೆಲ್ಲ ನನಗೆ ಕೇಳಿಸಿತ್ತು. ಬಾಯಿ ಬಿದ್ದವನು ಹೇಗೆ ಕರೀತಾನೆ ಅಂತ ನನಗೂ ಅನ್ನಿಸಿತ್ತು."

"ಮತ್ತೆ ಯಾಕೆ ಸುಮ್ಮನಿದ್ದೆ?"

"ಗೂಢ ಇರಬೇಕು ಅಂದುಕೊಂಡೆ."

ಗುರುಗಳು ಅವನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಎಂದು ಪರಶಿವನಿಗೆ ಅನ್ನಿಸಿತು.

"ನಡಿ" ಅಂದರು ಗುರುಗಳು. "ದೋಣಿಯವನನ್ನು ಕರೆ."

"ಈಗಲೇ ಪೇಟೆಗೆ ಹೋಗಿ ಸರಿಯಾದ ಪ್ಲಗ್ಗು ತರುತ್ತೇನೆ ಬುದ್ದಿ. ತೆಳ್ಳಗಿನ ಬುಡದ್ದು."

"ಪ್ಲಗ್ಗು ನಾಳೆಯೂ ಸಿಗುತ್ತದೆ."

ಗುರುಗಳು ಆಶ್ರಮ ಬಿಟ್ಟು ಯಾರ ಮನೆಗೂ ಹೋದವರಲ್ಲ. ಅಂದು ಹೊಳೆ ದಾಟಿದರು. ಚೀಲವಿಲ್ಲದ ಆಂಪ್ಲಿಫೈಯರನ್ನು ಪರಶಿವ ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. ದೋಣಿಯವನು ತಮಾಷೆ ಮಾಡಲಿಲ್ಲ.

ಪುಟ್ಟನಂಜಮ್ಮ ಜಗಲಿಯ ಮೇಲೆ ಕಾಲು ನೀಡಿ ಕೂತಿದ್ದಳು. ಗುರುಗಳನ್ನು ಕಂಡು ಏಳಲಿಲ್ಲ. ಒಳಗೆ ಬನ್ನಿ ಅನ್ನಲಿಲ್ಲ. ಪರಶಿವ ಮೈಕನ್ನು ಅವಳ ಹತ್ತಿರ ಇಟ್ಟ.

ಅವಳು ಅದನ್ನು ನೋಡಿದಳು.

"ಇವತ್ತು ಕೇಳಿಸ್ತೈತಾ?"

"ಕೇಳಿಸುತ್ತಿದೆ ತಾಯಿ."

"ಇನ್ನೇನು ಉಳಿದೈತೆ ಅಂತ ಬಂದ್ರಿ?"

ಗುರುಗಳು ಅಂಗಳದಲ್ಲಿ, ಮಣ್ಣಿನ ಮೇಲೆ ಕೂತರು. "ಅವತ್ತು ಹೇಳಿದ್ದನ್ನು ಇನ್ನೊಂದು ಸಲ ಹೇಳಿ. ಮೊದಲಿನಿಂದ."

"ಅವನೇ ಇಲ್ಲ. ಈಗ ಕೇಳಿ ಏನು ಮಾಡ್ತೀರಿ ಬುದ್ದಿ?"

"ಮಾಡಲು ಏನೂ ಇಲ್ಲ ತಾಯಿ. ಆದರೆ ನೀವು ಹೇಳಿದ್ದು ಇನ್ನೂ ಯಾರಿಗೂ ಮುಟ್ಟಿಲ್ಲ."