ಹತ್ತನೇ ಪುಟದ ಉತ್ತರ

ತುಮಕೂರಿನಲ್ಲೊಂದು ಸಣ್ಣ ಕಂಪನಿ ಅಗ್ಗದ ಸ್ಮಾರ್ಟ್‌ಫೋನ್ ತಯಾರಿಸುತ್ತಿತ್ತು. ದೊಡ್ಡ ಕಂಪನಿಯೊಂದು ಅದರ ಮೇಲೆ ದಾವೆ ಹೂಡಿತು. "ಪರದೆಯ ಮೇಲೆ ಬೆರಳಾಡಿಸಿ ಪುಟ ತಿರುವುವುದು ನಮ್ಮ ಪೇಟೆಂಟು. ನಿಮ್ಮ ಫೋನು ನಿಲ್ಲಿಸಿ" ಅಂತ. ನಿಲ್ಲಿಸಿದರೆ ಅಲ್ಲಿ ಫೋನು ಜೋಡಿಸುವ ನಲವತ್ತು ಹೆಂಗಸರ ಕೆಲಸ ಹೋಗುತ್ತಿತ್ತು.

ವಿಚಾರಣೆಗೆ ದೊಡ್ಡ ಕಂಪನಿಯ ವಕೀಲ ಶೇಷಗಿರಿರಾಯರು ಠೀವಿಯಿಂದ ಬಂದರು. ಸಣ್ಣ ಕಂಪನಿಯಿಂದ ಬಂದವಳು ಗುಮಾಸ್ತೆ ಚನ್ನಬಸಮ್ಮ ಒಬ್ಬಳೇ. ಕಂಕುಳಲ್ಲೊಂದು ದಪ್ಪ ಫೈಲು.

"ಬೆರಳಲ್ಲಿ ಪುಟ ಸರಿಸುವುದನ್ನು ಲೋಕಕ್ಕೆ ಕಲಿಸಿದವರೇ ನಾವು!" ರಾಯರು ಗುಡುಗಿದರು.

"ಇರಬಹುದು ಸಾರ್. ನಮ್ಮ ಉತ್ತರ ಹತ್ತನೇ ಪುಟದಲ್ಲಿದೆ. ನೀವೇ ಓದಿಬಿಡಿ" ಎಂದು ಚನ್ನಬಸಮ್ಮ ಫೈಲು ಕೊಟ್ಟಳು.

ತೆಳ್ಳನೆಯ ಹಾಳೆಗಳನ್ನು ಅವಳು ಬೇಕೆಂದೇ ಆರಿಸಿದ್ದಳು. ಅವು ಒಂದಕ್ಕೊಂದು ಅಂಟಿಕೊಂಡು ಬಿಡಲೊಲ್ಲವು. ರಾಯರು ಬೆರಳನ್ನು ನಾಲಿಗೆಗೆ ಒತ್ತಿದರು, ಹಾಳೆ ಸರಿಸಿದರು. ಮತ್ತೆ ಒತ್ತಿದರು, ಮತ್ತೆ ಸರಿಸಿದರು. ಹತ್ತನೇ ಪುಟದಲ್ಲಿ ಒಂದೇ ಸಾಲು. ಗಟ್ಟಿಯಾಗಿ ಓದಿದರು:

"ಇಲ್ಲಿಯವರೆಗೆ ಹೇಗೆ ಬಂದಿರಿ, ಸಾರ್?"

ರಾಯರ ಬೆರಳು ಇನ್ನೂ ಒದ್ದೆಯಾಗಿತ್ತು. "ಇದು... ಇದು ಕಾಗದ! ಗಾಜಿಗೆ ಯಾರಾದರೂ ಎಂಜಲು ಹಚ್ಚುತ್ತಾರೇನಮ್ಮ?"

"ಹಾಗಾದರೆ ಎಂಜಲು ಹಚ್ಚದೆ ಇರುವುದಕ್ಕೆ ಪೇಟೆಂಟು ಮಾಡಿಸಿಕೊಳ್ಳಿ ಸಾರ್. ನಮ್ಮ ಗುಮಾಸ್ತರು ಯಾರೂ ತಕರಾರು ತೆಗೆಯೋದಿಲ್ಲ."

ನ್ಯಾಯಾಧೀಶರು ನಗು ತಡೆದುಕೊಳ್ಳುತ್ತಲೇ ದಾವೆ ವಜಾ ಎಂದು ಬರೆದರು. ಮುಂದಿನ ಹಾಳೆಗೆ ಹೋಗಲು ಬೆರಳನ್ನು ನಾಲಿಗೆಯ ಹತ್ತಿರ ಒಯ್ದವರು ಅಲ್ಲೇ ನಿಲ್ಲಿಸಿ ಕೇಳಿದರು:

"ರಾಯರೇ, ತಿರುವಲೇ? ನಿಮ್ಮ ಅಪ್ಪಣೆ ಇದೆಯೇ?"